ಬಿಚ್ಚಿದ ಮೇಲೆ ಮುಗಿಸಬೇಕು

ಬೇಡಕಿಹಾಳದ ಅಕ್ಕುತಾಯಿ ಯಾರ ಮನೆಗೆ ಹೋದರೂ ಮೊದಲು ಮಂಚದ ಕೆಳಗೆ ಬಗ್ಗಿ ನೋಡುತ್ತಾಳೆ. ಹೊಸಬರು ಗಾಬರಿಯಾಗುತ್ತಾರೆ. ಈಕೆ ಬೆಕ್ಕು ಹುಡುಕುತ್ತಿದ್ದಾಳೋ, ಕಳ್ಳನನ್ನು ಹುಡುಕುತ್ತಿದ್ದಾಳೋ ಅವರಿಗೆ ತಿಳಿಯುವುದಿಲ್ಲ. ಅವಳು ಹುಡುಕುವುದು ಪುಸ್ತಕ.

ಚಿಕ್ಕೋಡಿಯಿಂದ ಅಥಣಿಯವರೆಗಿನ ಈ ಸೀಮೆಯಲ್ಲಿ ಬರೆಯುವವರಿಗೆ ಬರವಿಲ್ಲ. ಪ್ರಕಾಶಕರು ಮಾತ್ರ ಇತ್ತ ತಲೆ ಹಾಕಿ ಮಲಗುವುದೂ ಇಲ್ಲ. ಹೀಗಾಗಿ ಬರೆದವರೇ ಪ್ರೆಸ್ಸಿಗೆ ಹೋಗಿ ಅಚ್ಚು ಹಾಕಿಸುತ್ತಾರೆ. ಒಂದು ಬಿಡುಗಡೆ ಸಮಾರಂಭ, ನಾಲ್ಕು ಶಾಲು, ಸಾಲಾಗಿ ನಿಂತು ಒಂದು ಫೋಟೋ. ಮರುದಿನ ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ಸೇರುತ್ತವೆ. ಕಪಾಟಿನಲ್ಲಿ ಸ್ಟೀಲ್ ಡಬ್ಬಿ ಇರಬೇಕಲ್ಲ, ಪುಸ್ತಕಕ್ಕೆ ಜಾಗ ಎಲ್ಲಿಂದ ಬರಬೇಕು?

ಅಕ್ಕುತಾಯಿಗೆ ಈಗ ಅರವತ್ತು ದಾಟಿದೆ. ಜೈನರ ಒಕ್ಕಲುತನದ ಮನೆ, ಕಬ್ಬು, ಒಂದಿಷ್ಟು ತಂಬಾಕು, ಎರಡು ಎಮ್ಮೆ. ವಯಸ್ಸಿನಲ್ಲಿದ್ದಾಗ ರೈತರ ಚಳವಳಿಯಲ್ಲಿ ರಸ್ತೆಗೆ ಅಡ್ಡ ಕೂತವಳು, ಪೊಲೀಸ್ ವ್ಯಾನು ಹತ್ತಿದವಳು, ಕರಪತ್ರ ಹಂಚಿದವಳು. ಚಳವಳಿ ಒಡೆದು ನಾಲ್ಕಾಯಿತು, ನಾಯಕರು ಟಿಕೆಟ್ಟಿನ ಹಿಂದೆ ಹೋದರು. ಇವಳ ಹೆಗಲ ಮೇಲಿನ ಜೋಳಿಗೆ ಮಾತ್ರ ಇಳಿಯಲಿಲ್ಲ. ಕರಪತ್ರದ ಜಾಗಕ್ಕೆ ಮಂಚದ ಕೆಳಗಿನ ಪುಸ್ತಕಗಳು ಬಂದವು. ಯಾರೂ ಕೇಳದವರ ಪುಸ್ತಕ ಹುಡುಕಿ ಓದುವುದು, ಚಲೋ ಅನ್ನಿಸಿದರೆ ಇನ್ನೊಬ್ಬರಿಗೆ ಓದಿಸುವುದು. ಕನ್ನಡವಾದರೂ ಸೈ, ಮರಾಠಿಯಾದರೂ ಸೈ.

ಅವಳದು ದಾನಧರ್ಮದ ಓದಲ್ಲ. ಮುನ್ನುಡಿ ಓದುವುದಿಲ್ಲ, ಹಿಂದಿನ ರಟ್ಟಿನ ಹೊಗಳಿಕೆ ಓದುವುದಿಲ್ಲ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ ಹಾಗೆ ಪುಸ್ತಕವನ್ನು ನಡುವೆ ತೆರೆಯುತ್ತಾಳೆ. ಅಥಣಿಯ ಒಬ್ಬ ನಿವೃತ್ತ ಕಂಡಕ್ಟರನಿಗೆ ಮುಖಕ್ಕೇ ಹೇಳಿಬಿಟ್ಟಿದ್ದಳು: "ನಿಮ್ಮ ಪುಸ್ತಕದಾಗ ಹತ್ತ ಪುಟಾ ಬರೇ ಸೂರ್ಯ ಹುಟ್ಟತಾನ್ರಿ. ಕಥಿ ಯಾವಾಗ ಹುಟ್ಟತೈತಿ?" ಆ ಮನುಷ್ಯ ಸಿಟ್ಟಾಗಿ ಒಂದು ಮಳೆಗಾಲ ಮಾತು ಬಿಟ್ಟ. ಆಮೇಲೆ ಸೂರ್ಯನನ್ನು ಕಿತ್ತುಹಾಕಿ ಮತ್ತೆ ಬರೆದುಕೊಂಡು ಬಂದ. ಈ ಸಲ ಅವಳು ಆ ಪುಸ್ತಕವನ್ನು ಕಾಗವಾಡದವರೆಗೂ ಹೊತ್ತುಕೊಂಡು ಹೋಗಿ ಓದಿಸಿದಳು. "ಪಾಪ ಅಂತ ಓದೂದು ಅಂದ್ರ ಭಿಕ್ಷಾ ಹಾಕಿದಂಗ. ಬರದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ" ಎನ್ನುವುದು ಅವಳ ಮಾತು.

ಗಂಡ ದಾದಾಸಾಹೇಬನಿಗೆ ಇದು ಒಂದು ನಮೂನೆಯ ಹುಚ್ಚು. "ಉಳದ ಹೆಂಗಸ್ರು ಸೀರಿ ಅಂಗಡಿ ಹೊಗತಾರ. ಇಕಿ ಮಂಚದ ಕೆಳಗ ಹೊಗತಾಳ" ಎಂದು ಅವನು ಕಟ್ಟೆಯ ಮೇಲೆ ಕೂತು ಮಂದಿಗೆ ಹೇಳುತ್ತಾನೆ. ಹೇಳುವಾಗ ದನಿಯಲ್ಲಿ ಒಂಚೂರು ಹೆಮ್ಮೆಯೂ ಇರುತ್ತದೆ. ಇಲ್ಲ ಎಂದು ಯಾರಾದರೂ ಅಂದರೆ ಅದು ಸುಳ್ಳು.

ಈ ಕಥೆ ನಡೆದದ್ದು ಹೋದ ವರ್ಷ. ರಾಯಬಾಗ ತಾಲೂಕಿನ ಮುಗಳಖೋಡಕ್ಕೆ ಒಂದು ಮದುವೆಗೆ ಹೋಗಿದ್ದಾಗ ಬಸ್ಸಿನ ಬಾಗಿಲಿಗೆ ಸಿಕ್ಕು ಅವಳ ಕುಪ್ಪಸದ ತೋಳು ಹರಿಯಿತು. ಹತ್ತಿರದಲ್ಲೇ ಒಂದು ಹೊಲಿಗೆ ಅಂಗಡಿ. ಮಷಿನ್ನಿನ ಹಿಂದೆ ಮೂವತ್ತೈದರ ಆಸುಪಾಸಿನ ಹೆಂಗಸು, ಹೆಸರು ಮನೀಷಾ. "ಕುಂದರ್ರಿ ಅಕ್ಕಾ, ಈಗ ಮಾಡಿ ಕೊಡತೇನಿ" ಎಂದು ಚಾದರ ಹೊದಿಸಿದ ಒಂದು ಪೀಠ ತೋರಿಸಿದಳು. ಅಕ್ಕುತಾಯಿ ಕೂತಳು. ಕಟ್ಟಿಗೆಯೂ ಅಲ್ಲ, ಬಟ್ಟೆಯ ಗಂಟೂ ಅಲ್ಲ, ಕೆಳಗೆ ಏನೋ ಬೇರೆಯೇ ಇದೆ ಅನ್ನಿಸಿತು. ಚಾದರ ಎತ್ತಿದಳು.

"ಅಯ್ಯ ನಿನ್ನ! ನನ್ನ ಕುಂಡಿ ಕೆಳಗ ಪುಸ್ತಕ ಇಟ್ಟಿಯಲ್ಲ ಹುಡಗೀ!"

ಮನೀಷಾ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದಳು. "ನಂದ ಐತ್ರಿ. ನಾನ ಬರದದ್ದು. ಗಿರಾಕಿ ಕುಂಡ್ರಾಕರ ಉಪಯೋಗ ಆಗಲಿ ಅಂತ ಇಟ್ಟೇನ್ರಿ."

ಪುಸ್ತಕದ ಹೆಸರು 'ವಖಾರಿನ ಬಾಗಲಾ'. ನಿಪ್ಪಾಣಿಯ ತಂಬಾಕಿನ ಗೋದಾಮುಗಳಿಗೆ ಈ ಕಡೆ ವಖಾರು ಎನ್ನುತ್ತಾರೆ. ಮನೀಷಾಳ ತಾಯಿ ಸೋನಾಬಾಯಿ ಮದುವೆಗೆ ಮುಂಚೆ ಅಂಥದೊಂದು ವಖಾರಿನಲ್ಲಿ ತಂಬಾಕು ಚಾಳಿಸುತ್ತಿದ್ದವಳು, ಅಂದರೆ ಜರಡಿ ಹಿಡಿಯುತ್ತಿದ್ದವಳು. ಅವಳು ಹೇಳಿದ್ದನ್ನೆಲ್ಲ ಇಟ್ಟುಕೊಂಡು ಮಗಳು ಒಂದು ಕಾದಂಬರಿ ಕಟ್ಟಿದ್ದಳು. ಅಕ್ಕುತಾಯಿ ನಡುವೆ ತೆರೆದಳು. ಸಂಜೆ ಕೆಲಸ ಬಿಟ್ಟ ಮೇಲೆ ಮುಕಾದಮ, ಅಂದರೆ ಆಳುಗಳ ಮೇಸ್ತ್ರಿ, ಹೆಂಗಸರನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ, ತಂಬಾಕು ಕದ್ದಿದ್ದಾರೋ ಎಂದು ಸೆರಗು ಝಾಡಿಸಿ ನೋಡುವ ಜಾಗ. ತೋಳು ಹೊಲಿದು ಮುಗಿಯಿತು. ಅಕ್ಕುತಾಯಿ ಏಳಲಿಲ್ಲ. ಮದುವೆ ಮನೆಯಲ್ಲಿ ಅಕ್ಷತೆ ಬಿತ್ತು, ಊಟ ಬಡಿಸಿದರು, ಏಳಲಿಲ್ಲ. ಹಳದಿ ಬಲ್ಬಿನ ಕೆಳಗೆ ಮಷಿನ್ನು ಕಟಕಟ ಅನ್ನುತ್ತಲೇ ಇತ್ತು.

ಕೊನೆಗೆ ಕನ್ನಡಕ ತೆಗೆದು ಕೇಳಿದಳು, "ಇದನ್ನ ಯಾರ್ಯಾರು ಓದ್ಯಾರು?"

"ಯಾರೂ ಇಲ್ರಿ. ಬಿಡುಗಡೆ ಮಾಡಿದವ್ರು ಸುದ್ದಾ ರಟ್ಟ ನೋಡಿ ಭಾಷಣ ಮಾಡಿದ್ರು. ನಮ್ಮ ಕಾಕಾ ಫೋಟೋ ಚಲೋ ಬಂದೈತಿ ಅಂದ. ಓದಿ ಬೈದಿದ್ರೂ ನಡೀತಿತ್ರಿ ಅಕ್ಕಾ. ಬೈಯಾಕರ ಓದಬೇಕಲ್ಲ." ಮನೀಷಾ ಕತ್ತರಿ ಕೆಳಗಿಟ್ಟಳು. "ಎರಡನೇದು ಶುರು ಮಾಡಿದ್ದೆ. ನಿಲ್ಲಿಸೇನಿ. ಯಾರಿಗಂತ ಬರೀಲಿ? ದೀಪಾವಳಿ ಸಾಫಸಫಾಯಿಗೆ ಇವನ್ನೆಲ್ಲಾ ಭಜಿ ಅಂಗಡಿಯವಗ ಕೊಟ್ಟ ಬಿಡ್ತೇನಿ."

ಅಕ್ಕುತಾಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೂ ಗೊತ್ತಿರಲಿಲ್ಲ. ಬಾಯಿಂದ ಮಾತು ಬಿದ್ದುಹೋಯಿತು.

"ದೀಪಾವಳಿ ತನಕಾ ತಡಿ. ನಿನ್ನ ಗುರುತು ಪರಿಚಯ ಇಲ್ಲದ ಮನಶ್ಯಾ ಈ ಹೊಸ್ತಲಕ್ಕ ಬಂದು ನಿನ್ನ ಪುಸ್ತಕದ ಬಗ್ಗೆ ಮಾತಾಡತಾನ. ಬರಲಿಲ್ಲ ಅಂದ್ರ ನನ್ನ ಜೋಳಿಗಿನೂ ನಿನ್ನ ಭಜಿ ಅಂಗಡಿಗೇ ಕೊಡತೇನಿ."

ಮನೀಷಾ ನಕ್ಕಳು. ನಂಬಿ ನಕ್ಕದ್ದಲ್ಲ ಅದು.

ಆಡಿದ ಮಾತು ಆಡಿ ಆಗಿತ್ತು. ಭಾದ್ರಪದದಲ್ಲಿ ಅದಕ್ಕೊಂದು ದಾರಿ ಸಿಕ್ಕಿತು. ನೆಗೆಣ್ಣಿ ರಾಜಮತಿ, ಅಂದರೆ ದಾದಾಸಾಹೇಬನ ತಮ್ಮನ ಹೆಂಡತಿ, ವರ್ಷಗಟ್ಟಲೆ ಹಿಡಿದ ಒಂದು ವ್ರತ ಮುಗಿಸುತ್ತಿದ್ದಳು. ವ್ರತ ಮುಗಿಸಿದವರು ಬಸದಿಯಲ್ಲಿ ಪೂಜೆ ಮಾಡಿಸಿ ಸಮಾಜದ ಮನೆಗಳಿಗೆ ಏನಾದರೂ ಹಂಚುವುದು ಪದ್ಧತಿ. ಹೆಚ್ಚಿನವರು ಸ್ಟೀಲ್ ಡಬ್ಬಿ ಹಂಚುತ್ತಾರೆ. ಭಕ್ತಿವಂತರು ಶಾಸ್ತ್ರದಾನ ಮಾಡುತ್ತಾರೆ, ಧರ್ಮದ ಪುಸ್ತಕ ಕೊಡುತ್ತಾರೆ.

"ಈ ಪುಸ್ತಕ ಕೊಡು" ಎಂದಳು ಅಕ್ಕುತಾಯಿ.

"ಅಕ್ಕಾ, ಶಾಸ್ತ್ರದಾನ ಅಂದ್ರ ಶಾಸ್ತ್ರ ಕೊಡಬೇಕ್ರಿ. ಕಾದಂಬರಿ ಕೊಡ್ತಾರೇನು?"

"ಅದನ್ನ ಜ್ಞಾನದಾನ ಅಂತಾರಿಲ್ಲೋ? ಇದರಾಗ ಇರೂದು ಅಜ್ಞಾನಾ ಏನ? ಡಬ್ಬಿ ಎಲ್ಲಾರ ಮನ್ಯಾಗೂ ಕುತ್ತಿಗಿ ಮಟಾ ಅದಾವು ರಾಜಮತಿ. ಡಬ್ಬಿಯೊಳಗ ಡಬ್ಬಿ ಇಟ್ಟಾರು."

ರಾಜಮತಿ ಒಂದು ದಿನ ಯೋಚಿಸಿ ಹೂಂ ಅಂದಳು. ಮುಗಳಖೋಡದ ಪೀಠ ಕರಗಿತು. ಮನೀಷಾ ಕಟ್ಟುಗಳನ್ನು ಟೆಂಪೋಗೆ ಹಾಕಿ ಕಳಿಸಿದಳು. ಪೂಜೆಯ ದಿನ ಪುರೋಹಿತರು ಪುಸ್ತಕದ ರಾಶಿಯನ್ನು ಭಗವಂತನ ಮುಂದೆ ಇಡಿಸಿ ಗಂಧಾಕ್ಷತೆ ಹಾಕಿದರು. ಅಕ್ಕುತಾಯಿ ಎದ್ದು ನಿಂತು, "ಇದು ಮುಗಳಖೋಡದ ಹೆಣ್ಣಮಗಳೊಬ್ಬಾಕಿ ಬರದ ಹೊಸಾ ಕಾದಂಬರಿ, ಎಲ್ಲಾರೂ ಓದ್ರಿ" ಎಂದು ಹೇಳಿದಳು. ಅದೇ ಹೊತ್ತಿಗೆ ಗಂಟೆ ಹೊಡೆಯತೊಡಗಿದ್ದರಿಂದ ಮುಂದೆ ಕೂತವರಿಗೂ ಕೇಳಿಸಲಿಲ್ಲ. ತೆಂಗಿನಕಾಯಿಯ ಜೊತೆ ಒಂದೊಂದು ಪುಸ್ತಕ. ಎಲ್ಲರೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅಕ್ಕುತಾಯಿಯ ಎದೆ ಉಬ್ಬಿತು. ರಾತ್ರಿಯವರೆಗೆ ಕಾಯಲಾಗದೆ ಅಲ್ಲಿಂದಲೇ ಮನೀಷಾಗೆ ಫೋನು ಹಚ್ಚಿದಳು: "ಇಡೀ ಓಣಿಗೆ ಓಣೀನ ತಗೊಂಡ ಹೋಗೈತಿ ನೋಡವಾ. ಇನ್ನ ತಯಾರಾಗು."

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ಯಾರೊಬ್ಬರೂ ಪುಸ್ತಕದ ಸುದ್ದಿ ಎತ್ತಲಿಲ್ಲ. ಹಾಲಿನ ಡೇರಿಯಲ್ಲಿ, ನೀರಿನ ನಳದ ಹತ್ತಿರ, ಎಲ್ಲೂ ಇಲ್ಲ. ಅಕ್ಕುತಾಯಿ ತಡೆಯಲಾಗದೆ ಮನೆಮನೆ ಹೊಕ್ಕಳು.

ಮೊದಲ ಮನೆಯಲ್ಲಿ ಪುಸ್ತಕ ದೇವರ ಮಾಡದಲ್ಲಿ, ಗೋಡೆಯ ಗೂಡಿನಲ್ಲಿತ್ತು. ಹಳದಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ನಾಲ್ಕು ಅಕ್ಕಿಕಾಳು. ಎರಡನೇ ಮನೆಯಲ್ಲೂ ಹಾಗೆಯೇ. ಮೂರನೇ ಮನೆಯ ಸೊಸೆ ಸ್ನೇಹಲ, ಬಿ.ಎ. ಓದಿದವಳು, ಎರಡು ಹೊತ್ತು ಊದಿನಕಡ್ಡಿ ಹಚ್ಚುತ್ತಿದ್ದಳು.

"ಓದಿದ್ಯೇನವಾ?"

"ಹೆಂಗ ಓದೂದ್ರಿ ಅತ್ತಿ? ಮಡಿ ಆಗಬೇಕು, ಪೀಠ ಬೇಕು. ಸುಮ್ಮ ಮುಟ್ಟಿದ್ರ ದೋಷ ಅಲ್ಲೇನ್ರಿ? ಮ್ಯಾಲೆ ಬಸದಿ ಬಾಗಲದ ಚಿತ್ರಾ ಬ್ಯಾರೆ ಐತಿ."

ರಟ್ಟಿನ ಮೇಲಿದ್ದದ್ದು ತಂಬಾಕಿನ ವಖಾರಿನ ಬಾಗಿಲು. ಹಳೆಯ ತೇಗದ ಕೆತ್ತನೆ, ನೋಡಿದರೆ ಬಸದಿಯದೇ ಅನ್ನಿಸಬೇಕು. ಅಕ್ಕುತಾಯಿ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. ಮನೀಷಾಳ ಪುಸ್ತಕ ಕುಂಡಿಯ ಕೆಳಗಿನಿಂದ ಎದ್ದು ನೆಟ್ಟಗೆ ದೇವರ ಮಾಡ ಸೇರಿತ್ತು. ಎರಡೂ ಕಡೆ ಓದುವವರಿಲ್ಲ.

ದಾದಾಸಾಹೇಬ ಬಿದ್ದು ಬಿದ್ದು ನಕ್ಕ. "ನಾಯಕರಿಗೆ ಹಾರಾ ಹಾಕಿ ಮೂಲ್ಯಾಗ ಕುಂಡ್ರಸೂದು ನಿಮ್ಮ ಚಳವಳಿಯವ್ರಿಗೆ ಹೊಸಾದೇನ? ಪುಸ್ತಕಕ್ಕೂ ಹಂಗ ಮಾಡೀರಿ, ಅಷ್ಟ."

ಈ ಮಾತು ಅವಳಿಗೆ ನಾಟಿತು. ಪುಕ್ಕಟೆ ಹಂಚಿದ ಕರಪತ್ರ ಚರಂಡಿಯಲ್ಲಿ ಬಿದ್ದಿದ್ದನ್ನು ಅವಳು ಕಂಡಿದ್ದಳು. ಪೊಲೀಸರು ಕಸಿದುಕೊಂಡ ಕರಪತ್ರವನ್ನು ಮಂದಿ ಬಾಯಿಪಾಠ ಮಾಡಿದ್ದನ್ನೂ ಕಂಡಿದ್ದಳು. ಗೌರವಕ್ಕಿಂತ ಜಗಳ ವಾಸಿ. ಈಗ ಜಗಳ ಹುಟ್ಟಬೇಕು. ಹುಟ್ಟಿಸಲು ಇಡೀ ಓಣಿಯಲ್ಲಿ ಒಬ್ಬನೇ ಲಾಯಕ್ಕಾದ ಮನುಷ್ಯನಿದ್ದ: ಕಾಕಾಸಾಹೇಬ.

ಎಪ್ಪತ್ತೆಂಟರ ಕಾಕಾಸಾಹೇಬ ಹಿಂದೆ ತಂಬಾಕಿನ ವ್ಯಾಪಾರಿ. ನಿಪ್ಪಾಣಿಯಲ್ಲಿ ಅವನದೂ ವಖಾರು ಇತ್ತು. ಚಳವಳಿಯ ಕಾಲಕ್ಕೆ ಅಕ್ಕುತಾಯಿ ಅವನ ಲಾರಿಯ ಮುಂದೆ ಅಡ್ಡ ಮಲಗಿದ್ದಳು, ಅವನು ಹಾರ್ನು ಹೊಡೆಸಿದ್ದ. ಆ ಹಾರ್ನು ಇಬ್ಬರ ಕಿವಿಯಲ್ಲೂ ಇನ್ನೂ ಇತ್ತು. ವ್ಯಾಪಾರ ಬಿಟ್ಟ ಮೇಲೆ ಅವನು ಧರ್ಮಕ್ಕೆ ಬಿದ್ದಿದ್ದ. ಚಾತುರ್ಮಾಸದಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ತನ್ನ ಪಡಸಾಲೆಯಲ್ಲಿ ಮರದ ಪೀಠದ ಮೇಲೆ ಶಾಸ್ತ್ರ ಇಟ್ಟು ರಾಗ ಎಳೆದು ಓದುತ್ತಿದ್ದ. ಐದಾರು ಹೆಂಗಸರು ಕೂತು ಕೇಳುತ್ತಿದ್ದರು, ಇಬ್ಬರು ತೂಕಡಿಸುತ್ತಿದ್ದರು. ಅವನದೊಂದು ನೇಮ ಇಡೀ ಓಣಿಗೆ ಗೊತ್ತು: ಒಮ್ಮೆ ಬಿಚ್ಚಿದ ಶಾಸ್ತ್ರವನ್ನು ಕಡೆಯ ಪುಟ ಮುಟ್ಟದೆ ಕಟ್ಟಬಾರದು. ಜ್ವರ ಬಂದಾಗಲೂ ಅವನು ಆ ನೇಮ ಮುರಿದವನಲ್ಲ.

"ಆ ಮುದುಕನ ಕೈಯಾಗ ಕೊಡತೀ?" ದಾದಾಸಾಹೇಬ ಕೇಳಿದ. "ಅವರಂಥವರ ಬಗ್ಗೇನ ಬರದಾಳಲ್ಲ ಅದರಾಗ."

"ಅದಕ್ಕ ಕೊಡೂದು" ಎಂದಳು ಅಕ್ಕುತಾಯಿ.

ಸಂಜೆ ಅವಳು ಕಾಕಾಸಾಹೇಬನ ಪಡಸಾಲೆ ಹತ್ತಿದಳು. "ಮಾಮಾ, ರಾಜಮತಿ ದಾನಾ ಕೊಟ್ಟ ಪುಸ್ತಕ ಎಲ್ಲಾರ ಮನ್ಯಾಗೂ ಕಟ್ಟಿ ಕುಂತೈತಿ. ಅದು ಶಾಸ್ತ್ರ ಅಲ್ಲ, ಹೊಸಾ ಪುಸ್ತಕ ಅಂತ ನಾ ಹೇಳಿದ್ರ ಯಾರೂ ನಂಬವಲ್ಲರು. ನೀವ ಓದಿದ್ರ ಕೇಳತಾರು."

"ದಾನಾ ಬಂದದ್ದು ಯಾವುದಾದರೇನು, ವಿದ್ಯಾ ವಿದ್ಯಾನ" ಎಂದ ಕಾಕಾಸಾಹೇಬ. ಲಾರಿಗೆ ಅಡ್ಡ ಮಲಗಿದವಳು ತನ್ನ ಬಾಗಿಲಿಗೆ ಬಂದು ಮಾಮಾ ಎಂದದ್ದು ಅವನಿಗೆ ಹಿತವಾಗಿತ್ತು. ಕೈ ತೊಳೆದು ಬಂದ, ಬಟ್ಟೆ ಬಿಚ್ಚಿದ, ಪುಸ್ತಕವನ್ನು ಪೀಠಕ್ಕೇರಿಸಿದ. ಎಂದಿನ ರಾಗದಲ್ಲಿ ಶುರು ಮಾಡಿದ. ಒಂದು ಪುಟ ಸುಮ್ಮನೆ ಹೋಯಿತು: ಊರು, ಹಳ್ಳ, ಬೆಳಗಿನ ಬಸ್ಸು. ಎರಡನೇ ಪುಟದ ನಡುವೆ ಆ ರಾಗ ವಖಾರಿನ ಬಾಗಿಲಿಗೆ ಬಂದು ನಿಂತಿತು.

"ಏ ಮುಕಾದಮಾ... ನಿನ್ನ ಕೈ ಮುರೀಲಿ... ನಮ್ಮ ಸೆರಗ ಝಾಡಿಸಿ ನೋಡತೀಯಲ್ಲ... ನಿಮ್ಮವ್ವನ ಸೆರಗೂ ಝಾಡಿಸಿದ್ಯೇನೋ ಭಾಡ್ಯಾ..."

ಬಾಯಿಗೆ ರೂಢಿಯಾದ ರಾಗ ನೋಡಿ, ತಾನಾಗಿಯೇ ಕೊನೆಯವರೆಗೂ ಎಳೆಯಿತು. ತೂಕಡಿಸುತ್ತಿದ್ದ ಇಬ್ಬರೂ ಎದ್ದು ಕೂತರು. ಸ್ನೇಹಲ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕಾಕಾಸಾಹೇಬ ಕನ್ನಡಕ ಕಿತ್ತು ಗದರಿದ, "ಅಕ್ಕುತಾಯೀ! ಏನ ಇದು? ಇದೇನ ಹೊಲಸು!"

"ಪುಸ್ತಕ ಮಾಮಾ. ಮುಂದ ಓದ್ರಿ."

"ಕಟ್ಟತೇನಿ ಇದನ್ನ."

"ಕಟ್ಟರಿ. ಆದ್ರ ಬಿಚ್ಚಿದ್ದು ಮುಗಸದ ಕಟ್ಟಬಾರದು ಅನ್ನೂದು ನಂದಲ್ಲ, ನಿಮ್ಮ ನೇಮ. ಜ್ವರದಾಗೂ ಮುರೀಲಿಲ್ಲ ಅಂತಾರು. ನನ್ನ ಸಲುವಾಗಿ ಮುರೀತೀರೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕ ಮತ್ತೆ ಕನ್ನಡಕ ಏರಿಸಿದ. ನೇಮ ಮುರಿಯಲಿಲ್ಲ. ಆದರೆ ರಾಗ ಬಿಟ್ಟ. ಬರೀ ಮಾತಿನಲ್ಲಿ, ಕೆಕ್ಕರಿಸಿಕೊಂಡು, ಒಂದೊಂದು ಬೈಗುಳವನ್ನೂ ಕಹಿ ಔಷಧದ ಹಾಗೆ ನುಂಗಿ ಉಗುಳುತ್ತ ಓದಿದ.

ಮರುದಿನ ಸಂಜೆ ಪಡಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಟಿ.ವಿ. ಧಾರಾವಾಹಿ ಬಿಟ್ಟು ಬಂದವರಿದ್ದರು. ಗಂಡಸರು ಕಟ್ಟೆಯ ಮೇಲೆ ಬೀಡಿ ಹಚ್ಚದೆ ಕಿವಿ ಕೊಟ್ಟು ಕೂತರು. ಕಾಕಾಸಾಹೇಬ ದಿನಾ ಓದುತ್ತಿದ್ದ, ದಿನಾ ತಕರಾರು ಮಾಡುತ್ತಿದ್ದ: "ಸುಳ್ಳು! ಎಲ್ಲಾ ಮಾಲಕರೂ ಹಂಗ ಇರಲಿಲ್ಲ." ಹಿಂದಿನ ಸಾಲಿನಿಂದ ಯಾರೋ ಅನ್ನುತ್ತಿದ್ದರು, "ಇದ್ರು ಬಿಡ್ರಿ ಕಾಕಾ. ನಮ್ಮ ಆಯಿ ದುಡದಾಳ ನಿಪ್ಪಾಣ್ಯಾಗ." ಜೈನರ ಓಣಿಯಲ್ಲೂ ಬಡವರಿದ್ದರು, ವಖಾರಿಗೆ ಹೋದ ಅಜ್ಜಿಯರಿದ್ದರು. ಅಷ್ಟು ದಿನ ಆ ಮಾತು ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ. ಈಗ ದಿನಕ್ಕೊಂದು ಹೊರಬಿತ್ತು, ಅದೂ ತಲೆ ಎತ್ತಿ.

ಅಷ್ಟರಲ್ಲಿ ಇನ್ನೊಂದು ತಮಾಷೆ ಆಯಿತು. ಕಾಕಾಸಾಹೇಬ, ಕಾದಂಬರಿಯ ನಾಯಕಿ ತಾರಾಬಾಯಿ ಮುಕಾದಮನ ಜೊತೆ ಆಡುವ ಬಾಗಿಲ ಜಗಳದ ಹಿಂದಿನ ದಿನಕ್ಕೆ ಬಂದು ನಿಲ್ಲಿಸಿದಾಗ ಸ್ನೇಹಲ ಬಾಯಿಬಿಟ್ಟಳು: "ನಾಳೆ ತಾರಾಬಾಯಿ ಕೀಲಿ ಕಸಗೋತಾಳ್ರಿ."

"ನಿನಗ ಹೆಂಗ ಗೊತ್ತು?"

ಅವಳು ನಾಲಿಗೆ ಕಚ್ಚಿಕೊಂಡಳು. ಮಾಡದಿಂದ ಇಳಿಸಿ, ಹಳದಿ ಬಟ್ಟೆ ಬಿಚ್ಚಿ, ರೊಟ್ಟಿ ಬಡಿಯುತ್ತ ಓದಿ ಮುಗಿಸಿದ್ದಳು. ಪುಟಗಳಿಗೆ ಹಿಟ್ಟು ಮೆತ್ತಿತ್ತು. ಕೇಳಿದರೆ ಅವಳೊಬ್ಬಳೇ ಅಲ್ಲ. ಅರ್ಧ ಓಣಿ ಮುದುಕನಿಗಿಂತ ಮುಂದೆ ಓಡಿತ್ತು. ಆ ಹಿಟ್ಟು ಮೆತ್ತಿದ ಪುಸ್ತಕವನ್ನು ಅಕ್ಕುತಾಯಿ ಕೈಯಲ್ಲಿ ಹಿಡಿದು ನೋಡಿದಳು. ಬಸದಿಯಲ್ಲಿ ಎದೆ ಉಬ್ಬಿದ್ದು ಸುಳ್ಳು ಉಬ್ಬು ಅನ್ನಿಸಿತು. ಖರೇ ಹೆಮ್ಮೆ ಅಂದರೆ ಇದು, ಹಿಟ್ಟು ಮೆತ್ತಿದ್ದು.

ಕಡೆಯ ಪುಟ ಮುಗಿದ ಸಂಜೆ ಕಾಕಾಸಾಹೇಬ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿದ. ನೇಮ ಮುಗಿದಿತ್ತು. ಎದ್ದು ಹೋಗುತ್ತಾನೆ ಅಂದುಕೊಂಡರೆ ಕೋಲು ನೆಲಕ್ಕೆ ಕುಟ್ಟಿ ಕೇಳಿದ, "ಇದನ್ನ ಬರದಾಕಿ ಮನಿ ಎಲ್ಲೈತಿ?"

"ಮುಗಳಖೋಡದಾಗ. ಯಾಕ್ರಿ ಮಾಮಾ?"

"ಜಗಳಾಡೂದೈತಿ ಅಕೀ ಕೂಡ."

ದೀಪಾವಳಿಗೆ ಇನ್ನೂ ನಾಲ್ಕು ದಿನ ಇತ್ತು. ಜೀಪಿನ ಮುಂದಿನ ಸೀಟಿನಲ್ಲಿ ಕಾಕಾಸಾಹೇಬ, ಹಿಂದೆ ಅಕ್ಕುತಾಯಿ, ರಾಜಮತಿ, ಸ್ನೇಹಲ, ಇನ್ನೂ ಮೂವರು ಒತ್ತಿಕೊಂಡು. ಚಿಕ್ಕೋಡಿ ದಾಟುವವರೆಗೂ ಮುದುಕ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ.

ಹೊಲಿಗೆ ಅಂಗಡಿಯಲ್ಲಿ ಹಬ್ಬದ ಗದ್ದಲ. ಮನೀಷಾ ಬಾಯಲ್ಲಿ ಸೂಜಿ ಹಿಡಿದುಕೊಂಡು ಮೇಲೆ ನೋಡಿದಳು. ಹೊಸ್ತಿಲಲ್ಲಿ ಬಿಳಿ ಧೋತರದ, ಕರಿ ಟೋಪಿಯ ಗುರುತಿಲ್ಲದ ಮುದುಕ.

"ವಖಾರಿನ ಬಾಗಲಾ ಬರದಾಕಿ ನೀನ ಏನು?"

ಅವಳು ಸೂಜಿ ತೆಗೆದು ಎದ್ದು ನಿಂತಳು. "ಹೌದ್ರಿ."

"ನಾ ವಖಾರಿನ ಮಾಲಕ. ನಿನ್ನ ಪುಸ್ತಕ ಪಹಿಲಾದಿಂದ ಆಖೇರಿ ತನಕಾ ಬಾಯಿ ಬಿಟ್ಟು ಓದೇನಿ. ಎಷ್ಟ ಬೈದೀಯಲೇ ನಮಗ! ಬೈದದ್ದರ ಬಗ್ಗೆ ತಕರಾರಿಲ್ಲ. ನಮ್ಮಲ್ಲೂ ಝಾಡಿಸ್ತಿದ್ರು. ಆದ್ರ ಆ ತಾರಾಬಾಯಿ ಕೀಲಿ ಕಸಗೊಂಡ ಮ್ಯಾಲೆ ಬಾಗಲದಾಗ ಯಾಕ ನಿಲ್ಲಿಸಿದಿ? ಒಳಗ ಯಾಕ ಕಳಸಲಿಲ್ಲ? ಒಳಗ ಮಾಲಕ ಕುಂತಿದ್ನಲ್ಲ! ಅವಗ ಒಂದ ಮಾತು ಆಡಾಕ ಕೊಡಲಿಲ್ಲ ನೀ!"

"ಏ, ನಿಂತದ್ದ ಚಲೋ ಐತ್ರಿ ಕಾಕಾ" ಎಂದು ಸ್ನೇಹಲ ಹಿಂದಿನಿಂದ ನುಗ್ಗಿದಳು. "ಒಳಗ ಹೋಗಿದ್ರ ಮಾಲಕ ನಾಲ್ಕ ಸಿಹಿ ಮಾತಾಡಿ ಕಳಸ್ತಿದ್ದ."

"ನೀ ಸುಮ್ನಿರು. ರೊಟ್ಟಿ ಬಡದು ಓದಿದಾಕಿ!"

"ನೀವು ರಾಗಾ ಹಚ್ಚಿ ಓದಿದವ್ರು!"

ಜಗಳ ಹತ್ತಿಕೊಂಡಿತು. ಕುಪ್ಪಸ ಒಯ್ಯಲು ಬಂದ ಗಿರಾಕಿಗಳು ಬಾಯಿ ತೆರೆದು ನಿಂತರು. ಒಳಗಿನಿಂದ ಸೋನಾಬಾಯಿ ಬಂದಳು, ತಂಬಾಕಿನ ಧೂಳು ಕುಡಿದ ಎದೆ, ಕೆಮ್ಮುತ್ತ. ತನ್ನ ಕಥೆಗೆ ಒಬ್ಬ ಮಾಲಕ ಇಷ್ಟು ದೂರ ಬಂದು ಕೂಗಾಡುತ್ತಿದ್ದುದನ್ನು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಕೂಗ್ಲಿ ಬಿಡವಾ," ಮಗಳಿಗೆ ಹೇಳಿದಳು. "ಆಗ ನಮಗ ಬಾಯಿ ಇರಲಿಲ್ಲ. ಈಗ ಅವ್ರು ನಿನಗ ಜವಾಬ ಕೇಳಾಕ ಬಂದಾರ."

ಮನೀಷಾ ಅತ್ತಳು ಎಂದು ಬರೆಯಬಹುದಿತ್ತು. ಅಳಲಿಲ್ಲ. ಅವಳ ಮುಖ ಕೆಂಪಾಗಿತ್ತು, ಜಗಳಕ್ಕೆ ಸೆರಗು ಬಿಗಿದಿದ್ದಳು. "ಮಾಲಕನ ಮಾತು ನನಗ ಗೊತ್ತಿರಲಿಲ್ರಿ ಅಜ್ಜಾರ. ನಮ್ಮವ್ವ ಒಳಗ ಹೋಗೇ ಇಲ್ಲ, ಬಾಗಲದಾಗ ನಿಂತಾಕಿ. ಗೊತ್ತಿಲ್ಲದ್ದು ಹೆಂಗ ಬರೀಲಿ? ನಿಮಗ ಹೇಳೂದಿದ್ರ ಹೇಳ್ರಿ. ಎರಡನೇದು ಬರಿಯಾಕತ್ತೇನಿ. ಅದರಾಗ ನಿಮ್ಮನ್ನ ಹಾಕತೇನಿ."

'ಬರಿಯಾಕತ್ತೇನಿ' ಅಂದಳು. ನಿಲ್ಲಿಸಿದ್ದೇನೆ ಅಂದವಳೇ ಅಂದಳು. ಅಕ್ಕುತಾಯಿ ಅದನ್ನು ಕೇಳಿಸಿಕೊಂಡು ಜೋಳಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಹಾಕು" ಎಂದ ಕಾಕಾಸಾಹೇಬ. "ಆದ್ರ ಬರೇ ಬೈಗಳಾ ಹಾಕಬ್ಯಾಡ. ನನ್ನ ಮಾತೂ ಹಾಕು."

"ಮಾತು ಖರೇ ಇದ್ರ ಹಾಕತೇನಿ. ಸುಳ್ಳ ಇದ್ರ ಅದೂ ಹಾಕತೇನಿ, ಸುಳ್ಳ ಅಂತ."

ಮುದುಕ ಆಮೇಲೆ ಕೂರಲು ಜಾಗ ಹುಡುಕಿದ. ಚಾದರ ಹೊದಿಸಿದ ಪೀಠ ಈಗ ಇರಲಿಲ್ಲ. ಆ ಮೂಲೆ ಬೋಳಾಗಿತ್ತು. ಗಿರಾಕಿಗಳಲ್ಲಿ ಒಬ್ಬಳು ತನ್ನ ಸ್ಟೂಲು ಬಿಟ್ಟುಕೊಟ್ಟು, "ಯಾವ ಪುಸ್ತಕರಿ ಅದು? ನಮಗೂ ಒಂದ ಸಿಗತೈತೇನು?" ಎಂದು ಕೇಳಿದಳು.

"ಬೇಡಕಿಹಾಳಕ್ಕ ಬಾ" ಎಂದಳು ಅಕ್ಕುತಾಯಿ. "ಹಿಟ್ಟ ಮೆತ್ತಿದ್ದು ನಡೀತದಂದ್ರ ಕೊಡಸ್ತೇನಿ."

ಮರಳುವಾಗ ಜೀಪು ಹೊರಟು ಸ್ವಲ್ಪ ದೂರ ಹೋದ ಮೇಲೆ ಕಾಕಾಸಾಹೇಬ ಮುಂದಿನ ಸೀಟಿನಿಂದ, ಹಿಂದಕ್ಕೆ ತಿರುಗದೆಯೇ, ಗಂಟಲು ಸರಿ ಮಾಡಿಕೊಂಡ. "ಪೀಠಾ ಖಾಲಿ ಐತಿ ಅಕ್ಕುತಾಯಿ. ಮುಂದಿನದು ಯಾವುದು?"

"ಚಿಂಚಲ್ಯಾಗ ಲಗಮವ್ವ ಅಂತ ಒಬ್ಬಾಕಿ ಅದಾಳ್ರಿ, ಎಮ್ಮಿ ಸಾಕತಾಳ. ಏನೋ ಅಚ್ಚ ಹಾಕಸ್ಯಾಳ ಅಂತ ಸುದ್ದಿ. ನಾ ಇನ್ನಾ ನೋಡಿಲ್ಲ."

"ಅದರಾಗೂ ಬೈಗಳಾ ಅದಾವೇನು?"

"ಗೊತ್ತಿಲ್ರಿ ಮಾಮಾ. ನಡುವ ತಗದು ನೋಡಬೇಕು."

ಕಾಕಾಸಾಹೇಬ ಡ್ರೈವರನ ತೋಳು ತಟ್ಟಿದ. "ಚಿಂಚಲಿ ಕಡೆ ತಿರಗಸೋ."